ಬೆನ್ನಿಗಂಟಿದ ಗಾಜು

ಕೈಯಿಂದ ಜಾರಿದ ಸ್ಮಾರ್ಟ್‌ಫೋನು ನೆಲಕ್ಕೆ ಬಿದ್ದೊಡನೆ ನಾವೆಲ್ಲರೂ ಎತ್ತಿಕೊಂಡು ನೋಡುವುದು ಅದರ ಮುಖವನ್ನು. ಪರದೆಯ ಮೇಲೆ ಗೀರೂ ಇಲ್ಲವೆಂಬುದು ಖಾತ್ರಿಯಾಗಿ ಮನಸ್ಸು ಹಗುರಾಗುತ್ತಿರುವಾಗಲೇ ಫೋನನ್ನು ಮಗುಚಿದವರಿಗೆ, ಬೆನ್ನಿನ ಗಾಜಿನ ಒಂದು ಮೂಲೆಯಿಂದ ಹೊರಟು ಕ್ಯಾಮೆರಾದ ಸುತ್ತ ಕವಲೊಡೆದು ಎದುರಿನ ಅಂಚಿನವರೆಗೆ ಹರಡಿದ ಬಿರುಕುಗಳು ಕಾಣುವುದುಂಟು. ಇಂತಹ ಫೋನು ಕೆಟ್ಟುಹೋಗಿದೆಯೆಂದು ಹೇಳುವಂತಿಲ್ಲ. ಕರೆ ಬರುತ್ತದೆ, ಚಿತ್ರ ತೆಗೆಯುತ್ತದೆ, ಚಾರ್ಜಿಗೆ ಇಟ್ಟರೆ ಎಂದಿನಂತೆ ತುಂಬಿಕೊಳ್ಳುತ್ತದೆ. ಆದರೆ ಅಂಗೈಗೆ ಚುಚ್ಚುವ ಸಣ್ಣ ಚೂರುಗಳನ್ನೂ, ಬಿರುಕಿನ ಸಂದಿನಿಂದ ಒಳಸೇರಬಲ್ಲ ಬೆವರು ಮಳೆನೀರುಗಳನ್ನೂ ನೆನೆದಾಗ ಅದನ್ನು ಹಾಗೆಯೇ ಬಿಟ್ಟಿರುವುದು ವಿವೇಕವೆನಿಸುವುದಿಲ್ಲ. ಆಗ ಒಂದು ಕವರು ತೊಡಿಸಿ ಮರೆತುಬಿಡುವವರಿದ್ದಾರೆ, ಅಂಗಡಿಗೆ ಒಯ್ಯುವವರಿದ್ದಾರೆ. ಮತ್ತೆ ಕೆಲವರಿಗೆ, ಇದನ್ನು ಮನೆಯ ಮೇಜಿನ ಮೇಲೆ ತಾವೇ ಬದಲಾಯಿಸಿಕೊಳ್ಳಬಾರದೇಕೆ ಎಂಬ ಯೋಚನೆ ಹುಟ್ಟುತ್ತದೆ. ಈ ಮೂರನೆಯ ವರ್ಗದವರನ್ನು ಉದ್ದೇಶಿಸಿ ಈ ಬರಹ. ಅವರಿಗೆ ಮೊಟ್ಟಮೊದಲು ಹೇಳಬೇಕಾದ ಮಾತೆಂದರೆ, ಈ ಕೆಲಸದ ಸುಲಭತೆಯೂ ದುಸ್ಸಾಧ್ಯತೆಯೂ ಮಾಡುವವನ ಕೈಚಳಕಕ್ಕಿಂತ ಹೆಚ್ಚಾಗಿ, ಆ ಫೋನನ್ನು ರೂಪಿಸಿದವರು ಗಾಜನ್ನು ಚೌಕಟ್ಟಿಗೆ ಯಾವ ವಿಧದಿಂದ ಕೂರಿಸಿದ್ದಾರೆ ಎಂಬುದನ್ನೇ ಅವಲಂಬಿಸಿರುತ್ತವೆ.

ಫೋನಿನ ಬೆನ್ನಿಗೆ ಗಾಜೇ ಏಕೆ ಬೇಕಾಯಿತು? ಇದಕ್ಕೆ ತಯಾರಕರು ಕೊಡುವ ಕಾರಣ ತಂತಿಯಿಲ್ಲದೆ ಚಾರ್ಜ್ ಮಾಡುವ ಸೌಕರ್ಯ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಅದಕ್ಕೆ ಆಧಾರ: ಚಾರ್ಜರಿನೊಳಗಿನ ತಂತಿಯ ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಕಾಂತಕ್ಷೇತ್ರವೊಂದನ್ನು ಎಬ್ಬಿಸುತ್ತದೆ, ಆ ಕ್ಷೇತ್ರವು ಫೋನಿನೊಳಗಿನ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇವೆರಡರ ನಡುವೆ ಲೋಹದ ತಗಡು ಅಡ್ಡ ಬಂದರೆ ಅದರಲ್ಲಿಯೇ ಸುಳಿ ಪ್ರವಾಹಗಳೆದ್ದು, ಬ್ಯಾಟರಿಗೆ ಸಲ್ಲಬೇಕಾದ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. 2012ರ ಐಫೋನ್ 5ರಿಂದ ಅಲ್ಯೂಮಿನಿಯಮ್ ಬೆನ್ನಿಗೆ ಅಂಟಿಕೊಂಡಿದ್ದ ಆಪಲ್ ಸಂಸ್ಥೆಯು 2017ರಲ್ಲಿ ಐಫೋನ್ 8 ಮತ್ತು ಐಫೋನ್ ಎಕ್ಸ್‌ಗಳಲ್ಲಿ ಮರಳಿ ಗಾಜಿಗೆ ಬಂದದ್ದು ಈ ಸೌಕರ್ಯವನ್ನು ಒದಗಿಸುವಾಗಲೇ. ಕಾರಣ ಸತ್ಯವಾದುದೇ, ಆದರೆ ಪೂರ್ಣವಾದುದಲ್ಲ. ಏಕೆಂದರೆ ಕಾಂತಕ್ಷೇತ್ರಕ್ಕೆ ಪ್ಲಾಸ್ಟಿಕ್ಕೂ ಗಾಜಿನಷ್ಟೇ ಸಲೀಸಾಗಿ ದಾರಿ ಬಿಡುತ್ತದೆ. ಸ್ಯಾಮ್‌ಸಂಗ್ 2020ರಲ್ಲಿ ಹೊರತಂದ ಗ್ಯಾಲಕ್ಸಿ ಎಸ್20 ಎಫ್‌ಇ ಫೋನಿನ ಬೆನ್ನು ಪಾಲಿಕಾರ್ಬನೇಟಿನದು, ಅದೂ ತಂತಿಯಿಲ್ಲದೆ ಚಾರ್ಜ್ ಆಗುತ್ತದೆ. ಹಾಗಿರುವಾಗ ಗಾಜು ಬಂದದ್ದು ಅದರ ಹೊಳಪಿಗಾಗಿ, ನುಣುಪಿಗಾಗಿ, ಗೀರು ಬೀಳದ ಕಾಠಿಣ್ಯಕ್ಕಾಗಿ, ಕೊಳ್ಳುವವನ ಕೈಗೆ ಅದು ಕೊಡುವ ಬೆಲೆಬಾಳುವ ವಸ್ತುವಿನ ಭಾವಕ್ಕಾಗಿ ಎಂದು ಒಪ್ಪಿಕೊಳ್ಳುವುದೇ ಸರಿ. ಈ ಆಸೆಗಳು ತಪ್ಪಲ್ಲ. ಆದರೆ ಎತ್ತರದಿಂದ ಬಿದ್ದರೆ ಒಡೆಯುವ ವಸ್ತುವನ್ನು ಚೆಲುವಿಗಾಗಿ ಆರಿಸಿಕೊಂಡವರ ಮೇಲೆ, ಅದು ಒಡೆದಾಗ ಸುಲಭವಾಗಿ ಬಿಚ್ಚಿ ತೆಗೆಯುವಂತೆ ಕೂರಿಸುವ ಹೊಣೆಯೂ ಇರುತ್ತದೆ.

ಈ ಗಾಜು ಕಿಟಕಿಯ ಗಾಜಿನಂತಹುದಲ್ಲ. ಕಾರ್ನಿಂಗ್ ಸಂಸ್ಥೆಯ ಗೊರಿಲ್ಲಾ ಗಾಜೆಂದು ಹೆಸರಾದದ್ದೂ ಅದರ ಜಾತಿಯ ಇತರ ಗಾಜುಗಳೂ ಒಂದು ವಿಶಿಷ್ಟ ಸಂಸ್ಕಾರವನ್ನು ಪಡೆದಿರುತ್ತವೆ. ಸೋಡಿಯಮ್ ಅಯಾನುಗಳನ್ನು ಒಡಲಲ್ಲಿಟ್ಟುಕೊಂಡ ತೆಳು ಗಾಜಿನ ಹಲಗೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪೊಟ್ಯಾಸಿಯಮ್ ಲವಣದಲ್ಲಿ ಮುಳುಗಿಸಿಟ್ಟರೆ, ಗಾಜಿನ ಹೊರಮೈಯಲ್ಲಿರುವ ಸೋಡಿಯಮ್ ಅಯಾನುಗಳು ಹೊರಬಿದ್ದು, ಅವುಗಳಿಗಿಂತ ಗಾತ್ರದಲ್ಲಿ ದೊಡ್ಡವಾದ ಪೊಟ್ಯಾಸಿಯಮ್ ಅಯಾನುಗಳು ಆ ಇಕ್ಕಟ್ಟಿನ ಸ್ಥಾನಗಳಲ್ಲಿ ಹೊಕ್ಕು ಕುಳಿತುಕೊಳ್ಳುತ್ತವೆ. ಗಾಜು ಆರಿದ ಮೇಲೆ ಹೊರಪದರವು ಎಲ್ಲ ಕಡೆಯಿಂದಲೂ ಒತ್ತಡಕ್ಕೊಳಗಾಗಿ ನಿಲ್ಲುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿದಾಗ, ಅದು ಆರುತ್ತ ಬಂದಂತೆ ಮರದ ತುಂಡುಗಳನ್ನು ಅಲುಗದ ಹಾಗೆ ಅಪ್ಪಿ ಬಿಗಿಯುವುದನ್ನು ನೋಡಿದವರಿಗೆ ಈ ಬಿಗಿತದ ಬಲ ತಿಳಿದೀತು. ಗಾಜಿನ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದ ನ್ಯೂನತೆಗಳು ಇದ್ದೇ ಇರುತ್ತವೆಂದೂ, ಎಳೆತಕ್ಕೊಳಗಾದಾಗ ಅವುಗಳ ತುದಿಯಿಂದಲೇ ಬಿರುಕು ಹೊರಡುತ್ತದೆಂದೂ ಎ.ಎ. ಗ್ರಿಫಿತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದನು. ಮೇಲ್ಪದರದ ಒತ್ತಡವು ಆ ನ್ಯೂನತೆಗಳ ಬಾಯಿ ತೆರೆಯದಂತೆ ತಡೆಯುತ್ತದೆ. ಆದರೆ ಆ ಪದರದ ದಪ್ಪ ಕೂದಲೆಳೆಯ ಲೆಕ್ಕದ್ದು; ರಸ್ತೆಯ ಜಲ್ಲಿಯ ಚೂಪಾದ ಮೊನೆಯೊಂದು ಅದನ್ನು ದಾಟಿ ಒಳಕ್ಕಿಳಿಯಿತೆಂದರೆ, ಹೊರಗಿನ ಒತ್ತಡಕ್ಕೆ ಪ್ರತಿಯಾಗಿ ಎಳೆತವನ್ನು ಹೊತ್ತುಕೊಂಡಿರುವ ಒಳಭಾಗದಲ್ಲಿ ಬಿರುಕನ್ನು ತಡೆಯುವವರು ಯಾರೂ ಇಲ್ಲ. ಒಡೆದ ಬೆನ್ನನ್ನು ಬೆಸೆಯುವ ಮಾತು ಆದಕಾರಣ ಸಲ್ಲದು. ಅದನ್ನು ತೆಗೆದುಹಾಕುವುದೊಂದೇ ದಾರಿ. ತೆಗೆಯುವಾಗಲೂ ಅದು ಇನ್ನಷ್ಟು ಚೂರಾಗುತ್ತದೆಂಬುದನ್ನು ಮೊದಲೇ ಮನಗಂಡಿರಬೇಕು.

ಇನ್ನು ಕೂರಿಸುವ ವಿಧಾನಗಳ ವಿಷಯ. 2014ರ ಗ್ಯಾಲಕ್ಸಿ ಎಸ್5 ಫೋನಿನ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ತೆಗೆಯಬಹುದಾಗಿತ್ತು. ಬ್ಯಾಟರಿಯನ್ನು ಹೊರತೆಗೆದು ಬೇರೊಂದನ್ನು ಹಾಕುವುದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಮರುವರ್ಷದ ಗ್ಯಾಲಕ್ಸಿ ಎಸ್6ರಲ್ಲಿ ಮುಚ್ಚಳದ ಸ್ಥಾನಕ್ಕೆ ಗಾಜು ಬಂತು, ಗಾಜಿನೊಡನೆ ಸುತ್ತಲೂ ಅಂಟು ಬಂತು. ಆಪಲ್‌ನ ಚರಿತ್ರೆ ಇದಕ್ಕಿಂತಲೂ ವಿಚಿತ್ರವಾದುದು. 2010ರ ಐಫೋನ್ 4ಕ್ಕೆ ಹಿಂದೆಯೂ ಮುಂದೆಯೂ ಗಾಜಿದ್ದಿತು, ಆದರೆ ತಳದ ಅಂಚಿನಲ್ಲಿದ್ದ ಎರಡು ಸ್ಕ್ರೂಗಳನ್ನು ಬಿಚ್ಚಿ ಬೆನ್ನನ್ನು ಒಂದಿಷ್ಟು ಮೇಲಕ್ಕೆ ಸರಿಸಿದರೆ ಅದು ಕೈಗೆ ಬಂದುಬಿಡುತ್ತಿತ್ತು. ಅಷ್ಟು ಸರಳವಾದ ವ್ಯವಸ್ಥೆಯನ್ನು ಒಮ್ಮೆ ರೂಪಿಸಿದವರೇ, ಐಫೋನ್ 8ರಿಂದ ಮೊದಲುಗೊಂಡು ಐಫೋನ್ 13ರವರೆಗೆ, ಗಾಜನ್ನು ಲೋಹದ ಚೌಕಟ್ಟಿಗೆ ಅತ್ಯಂತ ಬಿಗಿಯಾದ ಅಂಟಿನಿಂದ ಶಾಶ್ವತವೆಂಬಂತೆ ಕೂಡಿಸಿ, ಕ್ಯಾಮೆರಾದ ಸುತ್ತಲಿನ ಉಂಗುರಗಳನ್ನು ಒಳಗಿನಿಂದ ಬೆಸುಗೆ ಹಾಕಿ, ಫೋನನ್ನು ಪರದೆಯ ಕಡೆಯಿಂದಷ್ಟೇ ತೆರೆಯುವಂತೆ ಮಾಡಿದರು. ಬೆನ್ನು ಒಡೆಯಿತೆಂದರೆ ಪರದೆ, ಬ್ಯಾಟರಿ, ಕ್ಯಾಮೆರಾ, ಮದರ್‌ಬೋರ್ಡು ಎಲ್ಲವನ್ನೂ ಹೊಸ ಹೌಸಿಂಗಿಗೆ, ಅಂದರೆ ಬೆನ್ನಿನ ಗಾಜೂ ಕೂಡಿದ ಚೌಕಟ್ಟಿಗೆ, ಸ್ಥಳಾಂತರಿಸಬೇಕು, ಇಲ್ಲವೇ ಗಾಜಿನಡಿಯ ಅಂಟನ್ನು ಲೇಸರ್ ಯಂತ್ರದಿಂದ ಸುಟ್ಟು, ಚೂರುಚೂರಾಗಿ ಕೆರೆದು ತೆಗೆಯಬೇಕು. ಬಿಡಿಭಾಗಗಳ ಅಂಗಡಿಯಲ್ಲಿ ಈ ಐಫೋನುಗಳ ಬೆನ್ನಿಗೆ ‘ದೊಡ್ಡ ತೂತಿನ’ ಗಾಜು ಎಂದು ಕೇಳಿ ಕೊಳ್ಳುವುದನ್ನು ನೀವು ಕೇಳಿಸಿಕೊಂಡಿರಬಹುದು; ಬೆಸುಗೆಯ ಉಂಗುರಗಳನ್ನು ಕೀಳದೆ, ಅವುಗಳ ಮೇಲಿನಿಂದಲೇ ತೊಡಿಸಲು ಅನುಕೂಲವಾಗುವಂತೆ ಕ್ಯಾಮೆರಾದ ರಂಧ್ರವನ್ನು ಅಗಲವಾಗಿ ಕತ್ತರಿಸಿದ ಗಾಜು ಅದು. ವಿನ್ಯಾಸದ ತೊಡಕನ್ನು ಬಿಡಿಸಿಕೊಳ್ಳುವುದಕ್ಕೆ ಪೇಟೆಯು ತಾನೇ ಕಂಡುಕೊಂಡ ಉಪಾಯವಿದು, ಮೆಚ್ಚತಕ್ಕ ಉಪಾಯ.

2022ರ ಐಫೋನ್ 14ರಲ್ಲಿ ಪರಿಸ್ಥಿತಿ ಬದಲಾಯಿತು. ಹೊರಗಿನಿಂದ ನೋಡಿದರೆ ಹಿಂದಿನ ವರ್ಷದ ಫೋನೇ. ಒಳಗೆ ಮಾತ್ರ ಚೌಕಟ್ಟನ್ನೇ ಹೊಸದಾಗಿ ಕಲ್ಪಿಸಿಕೊಂಡು, ಎರಡು ಸ್ಕ್ರೂ ಮತ್ತು ಒಂದು ಕನೆಕ್ಟರ್ ಬಿಚ್ಚಿದರೆ ಬೆನ್ನಿನ ಗಾಜು ಪ್ರತ್ಯೇಕವಾಗಿ ಹೊರಬರುವಂತೆ ಮಾಡಲಾಗಿತ್ತು. ಅದೇ ವರ್ಷದ, ಅದಕ್ಕಿಂತ ದುಬಾರಿಯಾದ 14 ಪ್ರೊ ಫೋನಿಗೆ ಈ ಭಾಗ್ಯವಿರಲಿಲ್ಲ; 2023ರ ಐಫೋನ್ 15ರ ಶ್ರೇಣಿಯಲ್ಲಿ ಎಲ್ಲವಕ್ಕೂ ಬಂತು. ಬೆನ್ನನ್ನು ಬಿಚ್ಚುವಂತೆ ಮಾಡುವುದರಿಂದ ಫೋನು ಕಣ್ಣಿಗೆ ಕಾಣುವಷ್ಟು ದಪ್ಪವಾಗಲಿಲ್ಲ, ನೀರಿಗೆ ಹೆದರುವಂತಾಗಲಿಲ್ಲ, ಚೆಲುವು ಕುಂದಲಿಲ್ಲ. ಹಾಗಾದರೆ ಹಿಂದಿನ ಐದು ವರ್ಷಗಳ ಫೋನುಗಳು ಹಾಗಿದ್ದದ್ದು ಅನಿವಾರ್ಯದಿಂದಲ್ಲ, ಯಾರೂ ಆ ಕಡೆ ಲಕ್ಷ್ಯ ಕೊಡದಿದ್ದುದರಿಂದ ಎಂದೇ ನಾನು ತಿಳಿಯುತ್ತೇನೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ವಿಸ್ಟ್ರಾನ್ ಸಂಸ್ಥೆ ಕಟ್ಟಿ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡ ಕಾರ್ಖಾನೆಯಲ್ಲಿ ನಮ್ಮ ಊರಿನ ಹುಡುಗಿಯರೂ ಹುಡುಗರೂ ಐಫೋನುಗಳನ್ನು ಜೋಡಿಸುತ್ತಿದ್ದಾರೆ. ಜೋಡಿಸುವ ಕೈಗಳು ಇಲ್ಲಿರುವಾಗ ಬಿಚ್ಚುವ ವಿದ್ಯೆಯೂ ಇಲ್ಲಿ ಬೆಳೆಯುವುದು ಸಹಜವೂ ಯುಕ್ತವೂ ಆಗಿದೆ.

ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ನಿಮ್ಮ ಫೋನಿನ ಮಾದರಿ ಯಾವ ಜಾತಿಗೆ ಸೇರಿದ್ದೆಂಬುದನ್ನು ತಿಳಿದುಕೊಳ್ಳಿ. ಐಫೋನ್ 8ರಿಂದ 13ರವರೆಗಿನದ್ದಾದರೆ, ಹೀಟ್ ಗನ್ನೂ ಚಾಕುವೂ ಹಿಡಿದು ಮನೆಯಲ್ಲಿ ಕುಳಿತುಕೊಳ್ಳಬೇಡಿ. ಸೂಕ್ಷ್ಮವಾದ ಗಾಜಿನ ಪುಡಿ ಕಣ್ಣಿಗೂ ಶ್ವಾಸಕ್ಕೂ ಹೋಗುವ ಸಂಭವ, ಗಾಜಿನ ಕೆಳಗೇ ಇರುವ ಸುರುಳಿಯನ್ನು ಕತ್ತರಿಸುವ ಸಂಭವ, ಎರಡೂ ಹೆಚ್ಚು. ಲೇಸರ್ ಯಂತ್ರವಿರುವ ಅಂಗಡಿಗೇ ಅದನ್ನು ಒಪ್ಪಿಸುವುದು ಲೇಸು. ವಾರಂಟಿಯಲ್ಲಿರುವ, ವಿಮೆ ಮಾಡಿಸಿದ ಫೋನುಗಳನ್ನೂ ತೆರೆಯಕೂಡದು. ಉಳಿದಂತೆ ಅಂಚಿನ ಅಂಟಿನಿಂದ ಮಾತ್ರ ನಿಂತಿರುವ ಬೆನ್ನುಗಳು, ಅಂದರೆ ಗ್ಯಾಲಕ್ಸಿಯ ಎಸ್ ಶ್ರೇಣಿಯ ಬಹುತೇಕ ಗಾಜಿನ ಫೋನುಗಳು ಮತ್ತು ಅದೇ ರೀತಿಯ ಇತರ ಆಂಡ್ರಾಯ್ಡ್ ಫೋನುಗಳು, ತಾಳ್ಮೆಯುಳ್ಳ ಗೃಹಸ್ಥನ ಕೈಗೆ ನಿಲುಕತಕ್ಕವು. ನಮ್ಮ ಮನೆಯಲ್ಲಿ ಬೆನ್ನು ಒಡೆದುಕೊಂಡಿದ್ದದ್ದು 2019ರ ಗ್ಯಾಲಕ್ಸಿ ಎಸ್10. ಮುಂದಿನ ವಿವರಣೆಗೆ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ.

ಬೇಕಾಗುವ ಸಾಮಾನು ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಒಂದು ಓಣಿಯಲ್ಲಿಯೇ ಸಿಕ್ಕುತ್ತದೆ: ಮಾದರಿಯ ಹೆಸರು ಹೇಳಿದರೆ ಬ್ಯಾಕ್ ಗ್ಲಾಸು, ಅದರ ಅಂಚಿನ ಆಕಾರಕ್ಕೇ ಕತ್ತರಿಸಿದ ಎರಡು ಬದಿಯ ಅಂಟುಪಟ್ಟಿ, ಪ್ಲಾಸ್ಟಿಕ್ಕಿನ ತೆಳು ಪಿಕ್ಕುಗಳು, ಸಕ್ಷನ್ ಕಪ್ಪು, ಚೂಪು ಮೊನೆಯ ಚಿಮುಟ, ಐಸೊಪ್ರೊಪೈಲ್ ಆಲ್ಕೋಹಾಲಿನ ಪುಟ್ಟ ಬಾಟಲಿ. ಗಾಜನ್ನು ಕೊಳ್ಳುವಾಗ ಕ್ಯಾಮೆರಾದ ಲೆನ್ಸು ಅದರಲ್ಲಿಯೇ ಕೂಡಿ ಬಂದಿದೆಯೋ ಎಂಬುದನ್ನು ವಿಚಾರಿಸತಕ್ಕದ್ದು; ಇಲ್ಲದಿದ್ದರೆ ಹಳೆಯದರಿಂದ ಬಿಡಿಸಿ ಹೊಸದಕ್ಕೆ ಕೂರಿಸುವ ಇನ್ನೊಂದು ನಾಜೂಕಿನ ಕೆಲಸ ತಲೆಗೆ ಬರುತ್ತದೆ. ಆ ರಸ್ತೆಯ ಅಂಗಡಿಯೊಂದರ ಮುಂದೆ ನಿಂತು, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನು ಇಂಥದೇ ಬೆನ್ನನ್ನು ತೆಗೆಯುವುದನ್ನು ನಾನು ಬಹಳ ಹೊತ್ತು ನೋಡಿದೆನು. ಅವನ ಬಲಗೈ ಪಿಕ್ಕನ್ನು ತಳ್ಳುತ್ತಿರಲಿಲ್ಲ. ಅಂಚಿನಲ್ಲಿ ಇಟ್ಟು, ಅದು ತಾನಾಗಿ ಸರಿಯುವವರೆಗೆ ಕಾದು, ಸರಿದಷ್ಟೇ ದೂರ ಹಿಂಬಾಲಿಸುತ್ತಿತ್ತು. ಎಲ್ಲಿಯಾದರೂ ತಡೆಯಿತೆಂದರೆ ಒತ್ತದೆ, ಫೋನನ್ನು ಪುನಃ ಬಿಸಿ ಹಲಗೆಯ ಮೇಲಿಡುತ್ತಿದ್ದನು. ನಾನು ಕೇಳಿದ್ದಕ್ಕೆ, “ಬಲ ಹಾಕ್ಬಾರ್ದು ಸರ್, ಗಮ್ ಬಿಟ್ರೆ ಗ್ಲಾಸ್ ಬರುತ್ತೆ, ಬಿಡ್ಲಿಲ್ಲ ಅಂದ್ರೆ ಇನ್ನೂ ಕಾದಿಲ್ಲ ಅಂತ ಅರ್ಥ” ಎಂದನು. ಈ ವಿದ್ಯೆಯ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲಿದೆ.

ಮೊದಲನೆಯದು ಬ್ಯಾಟರಿಯ ವಿಚಾರ. ಲಿಥಿಯಮ್ ಅಯಾನ್ ಬ್ಯಾಟರಿಯಲ್ಲಿ ಚಾರ್ಜ್ ಹೆಚ್ಚಿದ್ದಷ್ಟೂ, ಅಕಸ್ಮಾತ್ ಅದಕ್ಕೆ ಗಾಯವಾದರೆ ಹೊರಬರುವ ಶಾಖವೂ ಬೆಂಕಿಯೂ ಹೆಚ್ಚು. ಆದಕಾರಣ ಶೇಕಡಾ 25ಕ್ಕಿಂತ ಕೆಳಗಿಳಿಯುವವರೆಗೆ ಬಳಸಿ, ಅನಂತರ ಫೋನನ್ನು ಪೂರ್ತಿಯಾಗಿ ಆರಿಸಿ, ಸಿಮ್ ಇಡುವ ತಟ್ಟೆಯನ್ನು ಹೊರತೆಗೆದಿಡಬೇಕು. ಒಳಗಿನ ಚಿತ್ರ, ಸಂದೇಶಗಳ ಪ್ರತಿಯನ್ನು ಇದಕ್ಕೂ ಮುಂಚೆಯೇ ಬೇರೆಡೆ ಉಳಿಸಿಕೊಂಡಿರುವುದು ಅಗತ್ಯ. ಬೆನ್ನು ಒಡೆದದ್ದು ಬೀಳುವಿಕೆಯಿಂದಲ್ಲ, ಬ್ಯಾಟರಿ ಊದಿಕೊಂಡು ಒಳಗಿನಿಂದ ತಳ್ಳಿದ್ದರಿಂದ ಎಂಬ ಅನುಮಾನವೇನಾದರೂ ಇದ್ದರೆ ಇಲ್ಲಿಗೇ ನಿಲ್ಲಿಸಿ, ಆ ಫೋನನ್ನು ಬಿಸಿಮಾಡುವ ಪ್ರಯತ್ನವನ್ನೇ ಮಾಡಬಾರದು. ಕಣ್ಣಿಗೆ ಕನ್ನಡಕ, ಕೈಗೆ ತೆಳುವಾದ ರಬ್ಬರಿನ ಗ್ಲೌಸು ಇರಲಿ. ಮೇಜಿನ ಮೇಲೆ ಬಿಳಿಯ ಹಾಳೆಯನ್ನು ಹಾಸಿ. ಚೂರುಗಳು ಅದರ ಮೇಲೆ ಕಾಣುವಷ್ಟು ಚೆನ್ನಾಗಿ ಬಟ್ಟೆಯ ಮೇಲೆ ಕಾಣುವುದಿಲ್ಲ. ಬಳಿಕ ಒಡೆದ ಗಾಜಿನ ಮೇಲೆಲ್ಲ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. ಚೂರುಗಳು ಸಿಡಿಯದಂತೆ ತಡೆಯುವುದು ಅದರ ಒಂದು ಪ್ರಯೋಜನ. ಬಿರುಕುಗಳ ಮೂಲಕ ಗಾಳಿ ಸೋರಿಹೋಗಿ ಸಕ್ಷನ್ ಕಪ್ಪು ಹಿಡಿತ ಕಳೆದುಕೊಳ್ಳದಂತೆ ಮಾಡುವುದು ಇನ್ನೊಂದು.

ಅಂಟು ಸಡಿಲಗೊಳ್ಳುವುದು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ಸಿನ ಹಂತದಲ್ಲಿ. ಬ್ಯಾಟರಿಗೆ ಹಿತವಲ್ಲದ ಶಾಖವೂ ಅಲ್ಲಿಂದಲೇ ಆರಂಭವಾಗುತ್ತದೆ. ಈ ಇಕ್ಕಟ್ಟಿನ ಕಾರಣದಿಂದ, ನೂರಾರು ಡಿಗ್ರಿಯ ಗಾಳಿಯನ್ನು ಉಗುಳುವ ಹೀಟ್ ಗನ್ನಿಗಿಂತ ಮನೆಯ ಹೇರ್ ಡ್ರೈಯರೇ ಹೊಸಬರಿಗೆ ತಕ್ಕ ಉಪಕರಣವೆಂದು ನನ್ನ ಅಭಿಪ್ರಾಯ. ಅಂಚುಗಳಿಗೆ ಮಾತ್ರ, ಒಂದೇ ಕಡೆ ನಿಲ್ಲಿಸದೆ, ಬೆರಳಿಟ್ಟರೆ ತಾಳಿಕೊಳ್ಳುವುದು ಕಷ್ಟವೆನ್ನುವಷ್ಟು ಬಿಸಿಯಾಗುವವರೆಗೆ ಗಾಳಿಯನ್ನು ಹಾಯಿಸಬೇಕು. ಮಧ್ಯಭಾಗದಲ್ಲಿ ಬ್ಯಾಟರಿಯಿದೆ, ಅದರ ಮೇಲೆ ಗಾಳಿಯನ್ನು ನಿಲ್ಲಿಸುವ ಅಗತ್ಯವಿಲ್ಲ. ಎಸ್10ರಲ್ಲಿ ಕೆಳಗಿನ ಅಂಚಿನಿಂದ ಆರಂಭಿಸುವುದು ಅನುಕೂಲ. ಸಕ್ಷನ್ ಕಪ್ಪನ್ನು ಅಲ್ಲಿ ಒತ್ತಿ ಮೇಲಕ್ಕೆ ಸ್ಥಿರವಾಗಿ ಎಳೆದು ಹಿಡಿದರೆ ಗಾಜು ಕೂದಲೆಳೆಯಷ್ಟು ಮೇಲೇಳುತ್ತದೆ, ಆ ಸಂದಿನಲ್ಲಿ ಪಿಕ್ಕಿನ ಮೂಲೆಯನ್ನು ಸೇರಿಸಬೇಕು. ಸೇರಿತೆಂದರೆ ಅರ್ಧ ಗೆದ್ದಂತೆ. ಆಮೇಲೆ ಎರಡು ಮೂರು ಮಿಲಿಮೀಟರಿಗಿಂತ ಆಳಕ್ಕೆ ಹೋಗದಂತೆ, ಬಾಗಿದ ಅಂಚಿನ ವಕ್ರತೆಯನ್ನು ಅನುಸರಿಸುತ್ತ, ಪಿಕ್ಕನ್ನು ಮೆಲ್ಲಗೆ ಸರಿಸುತ್ತ ಹೋಗುವುದು. ದಾಟಿದ ಕಡೆಯಲ್ಲೆಲ್ಲ ಒಂದೊಂದು ಪಿಕ್ಕನ್ನು ಬಿಟ್ಟು ಮುಂದುವರಿಯುವುದು, ಇಲ್ಲದಿದ್ದರೆ ಆರಿದ ಅಂಟು ಪುನಃ ಹಿಡಿದುಕೊಳ್ಳುತ್ತದೆ. ಎಳೆದೆಳೆದು ಬರುವ ಕಡೆಗಳಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದು ಹನಿಯನ್ನು ಸಂದಿಗೆ ಬಿಟ್ಟರೆ ಅಂಟು ಮೆದುವಾಗುತ್ತದೆ. ಈ ದ್ರವ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವಂತಹುದು. ಅದು ಪೂರ್ತಿ ಆರುವವರೆಗೆ ಡ್ರೈಯರನ್ನು ಮತ್ತೆ ಹಚ್ಚಕೂಡದು, ಕಿಟಕಿಯನ್ನು ತೆರೆದಿಟ್ಟಿರಬೇಕು.

ನಾಲ್ಕು ಬದಿಯೂ ಬಿಟ್ಟ ಮೇಲೆ ಗಾಜನ್ನು ಒಮ್ಮೆಲೇ ಎತ್ತಿಬಿಡುವ ಆತುರ ಸಹಜವಾಗಿ ಬರುತ್ತದೆ. ತಡೆದುಕೊಳ್ಳಿ. ಎಸ್10ರಲ್ಲಿ ಬೆರಳಚ್ಚಿನ ಸೆನ್ಸರು ಪರದೆಯ ಅಡಿಯಲ್ಲಿದೆ, ಚಾರ್ಜಿನ ಸುರುಳಿ ಗಾಜಿಗೆ ಅಂಟದೆ ಒಳಚೌಕಟ್ಟಿಗೆ ಕೂಡಿಕೊಂಡಿದೆ. ಆದುದರಿಂದ ಗಾಜು ಯಾವ ಬಂಧನವೂ ಇಲ್ಲದೆ ಹೊರಬರುತ್ತದೆ. ಆದರೆ 2017ರ ಎಸ್8ರಲ್ಲಿ ಬೆರಳಚ್ಚಿನ ಸೆನ್ಸರು ಬೆನ್ನಿನಲ್ಲಿಯೇ ಇದ್ದು, ಅದರ ಫ್ಲೆಕ್ಸು, ಅಂದರೆ ಬಾಗುವ ತಂತಿಪಟ್ಟಿ, ಒಳಗಿನ ಬೋರ್ಡಿಗೆ ಸೇರಿಕೊಂಡಿರುತ್ತದೆ. ಐಫೋನ್ 14ರ ಬೆನ್ನೂ ಒಂದು ಕನೆಕ್ಟರಿನಿಂದ ಒಳಗಿನೊಡನೆ ಸಂಬಂಧವಿಟ್ಟುಕೊಂಡಿದೆ. ಕಾಗದದಷ್ಟು ತೆಳುವಾದ ಆ ಪಟ್ಟಿ ಹರಿದರೆ, ಒಂದು ಗಾಜಿನ ರಿಪೇರಿ ಎರಡು ರಿಪೇರಿಯಾಗುತ್ತದೆ. ಒಂದು ಅಂಚನ್ನು ಬೆರಳಗಲದಷ್ಟು ಮಾತ್ರ ಎತ್ತಿ, ಟಾರ್ಚಿನ ಬೆಳಕಿನಲ್ಲಿ ಒಳಗೆ ಇಣುಕಿ ನೋಡಿ ಮುಂದುವರಿಯುವುದು ಎಲ್ಲ ಫೋನುಗಳಿಗೂ ಸಲ್ಲುವ ನಡೆ.

ಹಳೆಯ ಗಾಜು ಹೊರಬಂದಿತು. ಇನ್ನು ಹೊಸದನ್ನು ಅಂಟಿಸುವುದಷ್ಟೇ ಎಂದು ಬಹಳ ಜನ ಭಾವಿಸುವುದೂ, ಬಹಳ ರಿಪೇರಿಗಳು ಹಾಳಾಗುವುದೂ ಈ ಘಟ್ಟದಲ್ಲಿಯೇ. ಚೌಕಟ್ಟಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರು ಅಗಲದ ತಗ್ಗೊಂದು ಸುತ್ತಲೂ ಹರಿದಿರುತ್ತದೆ. ಗಾಜು ಕೂರುವುದು ಅದರ ಮೇಲೆ. ಟೇಬಲ್ ಲ್ಯಾಂಪನ್ನು ಓರೆಯಾಗಿ ಹಿಡಿದು ನೋಡಿದರೆ ಆ ತಗ್ಗಿನಲ್ಲಿ ಕರಿಯ ಅಂಟಿನ ಎಳೆಗಳೂ, ಅವುಗಳಲ್ಲಿ ಸಿಕ್ಕಿಕೊಂಡು ಮಿಣುಕುವ, ಸಾಸಿವೆಗಿಂತಲೂ ಚಿಕ್ಕವಾದ ಗಾಜಿನ ಕಣಗಳೂ ಕಾಣುತ್ತವೆ. ಆ ಒಂದು ಕಣದ ಮೇಲೆ ಹೊಸ ಗಾಜನ್ನು ಒತ್ತಿದರೆ ಗಾಜಿನ ಭಾರವೆಲ್ಲ ಅದೊಂದೇ ಬಿಂದುವಿನ ಮೇಲೆ ಬೀಳುತ್ತದೆ. ಗ್ರಿಫಿತ್ ಹೇಳಿದ ಆ ಕಾಣದ ನ್ಯೂನತೆಯನ್ನು ನಾವೇ ಕೈಯಾರೆ ಹುಟ್ಟಿಸಿದಂತಾಗುತ್ತದೆ, ಮತ್ತು ಜೇಬಿನಲ್ಲಿಟ್ಟು ಕುಳಿತ ಮಾತ್ರಕ್ಕೇ ಹೊಸ ಬೆನ್ನು ಬಿರಿಯಬಹುದು. ಆದುದರಿಂದ ಮೊದಲು ಚಿಮುಟದಿಂದ ಕಣಗಳನ್ನು ಒಂದೊಂದಾಗಿ ಹೆಕ್ಕಿ, ಅಂಟಿನ ಎಳೆಗಳನ್ನು ಪ್ಲಾಸ್ಟಿಕ್ಕಿನ ತುಂಡಿನಿಂದ ಉರುಟಿ ಉರುಟಿ ಎಬ್ಬಿಸಿ, ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ತಗ್ಗನ್ನು ಒರೆಸಬೇಕು. ಬ್ಲೇಡು, ಸ್ಕ್ರೂಡ್ರೈವರುಗಳಂಥ ಲೋಹದ ಮೊನೆಯನ್ನು ಬ್ಯಾಟರಿಯ ಸಮೀಪಕ್ಕೆ ತರತಕ್ಕದ್ದಲ್ಲ. ಕ್ಯಾಮೆರಾದ ಲೆನ್ಸಿನ ಮೇಲೆ ಉಸಿರು ತಾಗಿ ಮಬ್ಬಾಗುವುದಕ್ಕಿಂತ ಬೆರಳು ತಾಗಿ ಕಲೆಯಾಗುವುದು ಕೆಡುಕು. ಮೊದಲೇ ಅದರ ಮೇಲೆ ಒಂದು ಸಣ್ಣ ಕಾಗದವನ್ನು ಹಗುರಾಗಿ ಮುಚ್ಚಿಟ್ಟರೆ ಆ ಭಯವಿಲ್ಲ. ಬೆರಳ ತುದಿಯನ್ನು ತಗ್ಗಿನ ಸುತ್ತ ಒಮ್ಮೆ ಮೆಲ್ಲಗೆ ಆಡಿಸಿದಾಗ ಎಲ್ಲಿಯೂ ಏನೂ ತಡೆಯದೆ ಹೋದರೆ ಶುಚಿ ಮುಗಿಯಿತೆಂದು ತಿಳಿಯಬಹುದು. ತೆಗೆಯುವುದಕ್ಕೆ ಹಿಡಿದ ಕಾಲದ ಎರಡರಷ್ಟು ಕಾಲವನ್ನು ಈ ಶುಚಿಗೆ ಕೊಟ್ಟರೂ ಹೆಚ್ಚಾಗಲಿಲ್ಲ.

ಅಂಟಿಸುವುದಕ್ಕೆ ಮುನ್ನ ಹೊಸ ಗಾಜನ್ನು ಒಣದಾಗಿಯೇ ಇಟ್ಟು, ಮಟ್ಟಸವಾಗಿ ಕೂರುವುದೇ ಎಂದು ನೋಡಿ, ಫೋನನ್ನು ಚಾಲೂ ಮಾಡಿ ಕ್ಯಾಮೆರಾ, ಫ್ಲ್ಯಾಶು, ಮೈಕು, ತಂತಿಯಿಲ್ಲದ ಚಾರ್ಜು ಎಲ್ಲವೂ ನಡೆಯುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಅಂಟಿದ ಮೇಲೆ ತಿಳಿದ ದೋಷಕ್ಕೆ ಇಡೀ ಶ್ರಮ ಪುನರಾವೃತ್ತಿಯಾಗುತ್ತದೆ. ಅಂಟಿನಲ್ಲಿ ಎರಡು ಬಗೆ. ಕತ್ತರಿಸಿ ಬಂದ ಪಟ್ಟಿಯನ್ನು ಚೌಕಟ್ಟಿಗೆ ಹಾಸಿ ಮೇಲಿನ ಕಾಗದವನ್ನು ಸುಲಿದು ಗಾಜನ್ನು ಒತ್ತುವುದು ಮೊದಲನೆಯದು. ಅದು ಶುಭ್ರ, ಮುಂದೊಮ್ಮೆ ಬಿಚ್ಚಬೇಕಾದಾಗಲೂ ಬಿಸಿಗೆ ಬಿಡುತ್ತದೆ. ಅಂಗಡಿಗಳಲ್ಲಿ ಬಹಳವಾಗಿ ಬಳಸುವ ಬಿ-7000 ಗಮ್ಮಿನ ಟ್ಯೂಬು ಎರಡನೆಯದು. ಅದು ಗಟ್ಟಿಯಾಗಿ ಕೂರಲು ಒಂದೆರಡು ದಿನ ಬೇಕು, ಹೆಚ್ಚಾಗಿ ಹಚ್ಚಿದರೆ ಉಕ್ಕಿ ಮೈಕಿನ ರಂಧ್ರವನ್ನೋ ಕ್ಯಾಮೆರಾದ ಸಂದನ್ನೋ ಮುಚ್ಚಿಬಿಡುತ್ತದೆ. ಪಟ್ಟಿ ಸಿಕ್ಕುವ ಮಾದರಿಗೆ ಪಟ್ಟಿಯನ್ನೇ ಆರಿಸಿಕೊಳ್ಳಿರೆಂದು ನನ್ನ ಸಲಹೆ. ಒತ್ತಿದ ಮೇಲೆ ಫೋನನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿ, ಮೇಲೆ ದಪ್ಪನೆಯ ಪುಸ್ತಕಗಳೆರಡನ್ನು ಹೇರಿ, ರಾತ್ರಿಯೆಲ್ಲ ಹಾಗೆಯೇ ಬಿಡುವುದು.

ಇಷ್ಟೆಲ್ಲ ಆದ ಮೇಲೂ ಒಂದನ್ನು ನಾವು ಹಿಂದಕ್ಕೆ ಪಡೆಯಲಾರೆವು. ಡಬ್ಬಿಯ ಮೇಲೆ ಅಚ್ಚಾದ ಐಪಿ68 ಎಂಬ ಅಂಕಿಯಲ್ಲಿ 6 ಎಂಬುದು ಧೂಳು ಹೊಗದ ಭದ್ರತೆಯನ್ನೂ, 8 ಎಂಬುದು ಒಂದು ಮೀಟರಿಗಿಂತ ಹೆಚ್ಚಿನ ಆಳದ ನೀರಿನಲ್ಲಿ ತಯಾರಕರು ಸೂಚಿಸಿದಷ್ಟು ಕಾಲ ಮುಳುಗಿದ್ದರೂ ತಾಳುವುದನ್ನೂ ಸೂಚಿಸುತ್ತವೆ; ಅವು ಕಾರ್ಖಾನೆಯ ಅಂಟಿಗೆ ಸಂದ ಅಂಕಗಳು. ಮನೆಯ ಮೇಜಿನ ಮೇಲೆ ಎಷ್ಟೇ ಶ್ರದ್ಧೆಯಿಂದ ಅಂಟಿಸಿದರೂ ಅದನ್ನು ಒತ್ತಡದ ಯಂತ್ರದಲ್ಲಿಟ್ಟು ಪರೀಕ್ಷಿಸಿದವರಿಲ್ಲ. ಮುಂಗಾರಿನ ನಾಲ್ಕು ಹನಿಗಳಿಗೆ ಹೆದರಬೇಕಾಗಿಲ್ಲ, ಆದರೆ ನಲ್ಲಿಯ ಕೆಳಗೆ ಹಿಡಿದು ತೊಳೆಯುವುದನ್ನು, ಹೊಳೆಯ ಸ್ನಾನಕ್ಕೆ ಜೊತೆಯಲ್ಲಿ ಒಯ್ಯುವುದನ್ನು ಅಂದಿನಿಂದ ಬಿಡಬೇಕು.

ಬಿಡಿಭಾಗ ಸಿಕ್ಕಬೇಕು, ಬಿಚ್ಚುವ ಕ್ರಮ ತಿಳಿದಿರಬೇಕು ಎಂಬ ಈ ಎರಡು ಬೇಡಿಕೆಗಳು ಈಗ ಸರಕಾರಗಳ ಕಿವಿಗೂ ಬಿದ್ದಿವೆ. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ವಿಚಾರಕ್ಕೆಂದು 2022ರ ಜುಲೈನಲ್ಲಿ ಸಮಿತಿಯೊಂದನ್ನು ನೇಮಿಸಿ, ಕೃಷಿ ಉಪಕರಣ, ವಾಹನ, ಗೃಹಬಳಕೆಯ ಯಂತ್ರಗಳ ಜೊತೆಗೆ ಮೊಬೈಲ್ ಫೋನುಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು, ತಯಾರಕರು ದುರಸ್ತಿಯ ಮಾಹಿತಿಯನ್ನು ಪ್ರಕಟಿಸುವುದಕ್ಕಾಗಿ ಪೋರ್ಟಲೊಂದನ್ನು ತೆರೆಯಿತು. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷಗಳವರೆಗೆ ಅದರ ಮುಖ್ಯ ಬಿಡಿಭಾಗಗಳು ದೊರೆಯುವಂತಿರಬೇಕು. ನಮ್ಮಲ್ಲಿಯೂ ಪೋರ್ಟಲಿನ ಹಂತವನ್ನು ದಾಟಿ ಕಟ್ಟುಪಾಡಿನ ಹಂತಕ್ಕೆ ಬರಲೇಬೇಕೆಂದು ನಾನು ಬಯಸುತ್ತೇನೆ. ದೊಡ್ಡ ನಗರದವನಿಗೆ ಎಸ್.ಪಿ. ರಸ್ತೆಯಿದೆ, ಕೂಡ್ಲಿಗಿಯಲ್ಲಿಯೋ ಕೊಪ್ಪದಲ್ಲಿಯೋ ಇರುವ ಶಾಲಾಮಾಸ್ತರರು ಸಾಲದ ಕಂತಿನಲ್ಲಿ ಕೊಂಡ ಫೋನಿನ ಬೆನ್ನು ಒಡೆದರೆ, ಅದಕ್ಕೆ ಹೊಂದುವ ಗಾಜು ಯಾವ ಬೆಲೆಗೆ ಎಲ್ಲಿಂದ ಬರಬೇಕು ಎಂಬುದನ್ನು ಇಂದು ಕೇವಲ ಪೇಟೆಯ ಲಹರಿ ನಿರ್ಧರಿಸುತ್ತಿದೆ.

ಕೊನೆಯಲ್ಲಿ ಮೇಜಿನ ಮೇಲೆ ಉಳಿದದ್ದರ ವಿಲೇವಾರಿ. ಟೇಪಿಗೆ ಅಂಟಿದ ಹಳೆಯ ಗಾಜನ್ನೂ, ಬಿಳಿಯ ಹಾಳೆಯ ಮೇಲೆ ಬಿದ್ದ ಪುಡಿಯನ್ನೂ ಹಾಳೆಯ ಸಮೇತವಾಗಿ ಮಡಿಸಿ, ದಪ್ಪ ರಟ್ಟಿನ ಡಬ್ಬಿಯೊಂದರಲ್ಲಿ ಹಾಕಿ, ಸುತ್ತಲೂ ಟೇಪು ಬಿಗಿದು, ಮೇಲೆ ‘ಒಡೆದ ಗಾಜು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನೆಲವನ್ನು ಕಸಬರಿಗೆಯಿಂದ ಗುಡಿಸಿದ ಮೇಲೆ ಒದ್ದೆ ಬಟ್ಟೆಯಿಂದಲೂ ಒರೆಸಿ, ಆ ಬಟ್ಟೆಯನ್ನೂ ಡಬ್ಬಿಗೇ ಸೇರಿಸಿರಿ. ಬೆಳಿಗ್ಗೆ ಮನೆಯ ಮುಂದೆ ಬರುವ ಪೌರಕಾರ್ಮಿಕರು ಕಸವನ್ನು ಬರಿಗೈಯಿಂದಲೇ ಬೇರ್ಪಡಿಸಬೇಕಾಗುವುದು ಇಂದಿಗೂ ಅಪರೂಪವಲ್ಲ. ಆ ಡಬ್ಬಿಯನ್ನು ಉಳಿದ ಕಸದೊಡನೆ ಬೆರೆಸದೆ, ಒಳಗೇನಿದೆಯೆಂದು ಬಾಯಿಬಿಟ್ಟು ಹೇಳಿ ಅವರ ಕೈಗೆ ಕೊಡಿ.